ನೀರು ಬಿಡುವ ಹೊತ್ತು

ಎದೆ ಒತ್ತುವಾಗ ಮನೆಯವರನ್ನು ಒಳಗೆ ಬಿಡಬೇಕೋ ಬೇಡವೋ ಎಂಬ ಜಗಳ ನಮ್ಮ ಆಸ್ಪತ್ರೆಯಲ್ಲಿ ಇವತ್ತಿಗೂ ಮುಗಿದಿಲ್ಲ. ಮಧ್ಯಾಹ್ನ ಊಟದ ಡಬ್ಬಿ ತೆರೆದರೆ ಸಾಕು, ಯಾರಾದರೊಬ್ಬರು ಶುರು ಹಚ್ಚಿಕೊಳ್ಳುತ್ತಾರೆ. ನಾನು ಸಾಗರದ ಒಂದು ಆಸ್ಪತ್ರೆಯಲ್ಲಿ ನರ್ಸು. ತುರ್ತು ಚಿಕಿತ್ಸೆಯ ಕೋಣೆಯಲ್ಲಿ ನನ್ನ ಕೆಲಸ. ಹೃದಯ ನಿಂತವರನ್ನು ಅಂಗಾತ ಮಲಗಿಸಿ, ಮಂಚದ ಪಕ್ಕ ಸ್ಟೂಲು ಹತ್ತಿ ನಿಂತು, ಎರಡು ಅಂಗೈ ಒಂದರ ಮೇಲೊಂದು ಇಟ್ಟು ಎದೆಯ ನಡುವೆ ಒತ್ತುವುದು, ಒತ್ತುತ್ತಲೇ ಇರುವುದು. ಸಿನಿಮಾದಲ್ಲಿ ತೋರಿಸುವ ಹಾಗೆ ನಾಲ್ಕು ಸಲ ಒತ್ತಿದ ಕೂಡಲೇ ಯಾರೂ ಎದ್ದು ಕೂತು "ನಾನೆಲ್ಲಿದ್ದೇನೆ" ಎನ್ನುವುದಿಲ್ಲ. ಪಕ್ಕೆಲುಬು ಮುರಿಯುತ್ತದೆ. ಮುರಿದದ್ದು ಅಂಗೈಗೆ ಗೊತ್ತಾಗುತ್ತದೆ. ಆದರೂ ಬಿಡುವ ಹಾಗಿಲ್ಲ.

"ಇದನ್ನ ಮನೆಯವರು ನಿಂತು ನೋಡ್ಬೇಕಾ? ನಿಂಗೇನು ತಲೆ ಸರಿ ಇದೆಯಾ?" ಎನ್ನುವುದು ನಮ್ಮ ಹಿರಿಯ ಸಿಸ್ಟರು. ನಿವೃತ್ತಿಗೆ ಹತ್ತಿರ ಬಂದವರು. ನಾನು ಕೆಲಸ ಕಲಿತದ್ದು ಅವರ ಕೈಯಲ್ಲೇ, ಬೈಸಿಕೊಂಡದ್ದೂ ಅವರಿಂದಲೇ. ಬಾಗಿಲು ಹಾಕಿಯೇ ಕೆಲಸ ಮಾಡಬೇಕು ಎಂಬುದು ಅವರ ಶಾಸನ. ಅವರ ಮಾತಿಗೆ ಆಧಾರವಿಲ್ಲದೇ ಇಲ್ಲ. ನಮ್ಮ ಜೊತೆ ಕೆಲಸ ಮಾಡುವ ಬ್ರದರ್, ಅಂದರೆ ಗಂಡು ನರ್ಸು, ಒಮ್ಮೆ ಒಬ್ಬ ಅಜ್ಜನ ಎದೆ ಒತ್ತುತ್ತಿದ್ದಾಗ ಅಜ್ಜನ ಮಗ ಒಳಗೆ ನುಗ್ಗಿ, "ನಮ್ಮಪ್ಪನ ಎದೆ ಮೇಲೆ ಕೂತು ಕೊಲ್ತಿದಾನೆ" ಎಂದು ಕಪಾಳಕ್ಕೆ ಬಾರಿಸಿದ್ದ. ಇನ್ನೊಮ್ಮೆ ಸೊಸೆಯೊಬ್ಬಳು ನೋಡನೋಡುತ್ತಲೇ ಕಣ್ಣು ಮೇಲೆ ಮಾಡಿ ಬಿದ್ದು, ಟ್ರಾಲಿಗೆ ತಲೆ ತಾಗಿ ರಕ್ತ. ಒಬ್ಬರು ಪೇಷೆಂಟಿದ್ದ ಕಡೆ ಇಬ್ಬರಾದರು. ಈಗಂತೂ ಎಲ್ಲರ ಕೈಯಲ್ಲೂ ಮೊಬೈಲು. ಸಾಯುತ್ತಿರುವ ಅಪ್ಪನ ವಿಡಿಯೋ ಮಾಡುವವರನ್ನೂ ನಾನು ಕಂಡಿದ್ದೇನೆ, ಮೊಬೈಲು ಕಿತ್ತು ಜೇಬಿಗೆ ಹಾಕಿ ಬೈದು ಕಳಿಸಿದ್ದೇನೆ.

ಇಷ್ಟೆಲ್ಲ ಕಂಡೂ ನಾನು ಒಳಗೆ ಬಿಡುವ ಪಕ್ಷ. ಅದಕ್ಕೊಂದು ಕಾರಣವಿದೆ. ಹೊಸನಗರದ ಕಡೆ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಉಬ್ಬಸ ಜೋರಾಗಿ ಉಸಿರು ನಿಂತ ಹುಡುಗಿಯೊಬ್ಬಳನ್ನು ತಂದಿದ್ದರು. ಅವಳ ತಾಯಿಯನ್ನು ಪರದೆಯ ಆಚೆ ನಿಲ್ಲಿಸಿ ನಾವು ಕೆಲಸ ಮಾಡಿದೆವು. ಹುಡುಗಿ ಉಳಿಯಲಿಲ್ಲ. ಪರದೆ ಸರಿಸಿದಾಗ ಆ ತಾಯಿ ನನ್ನ ಕೈ ಹಿಡಿದು ಕೇಳಿದ್ದು ಇಷ್ಟೇ. "ಅಷ್ಟು ಹೊಡೆದ್ರಲ್ಲ ಸಿಸ್ಟರೇ, ನನ್ ಮಗಳು ಎಂತ ಮಾಡಿದ್ಲು ನಿಮಗೆ?"

ಅವಳಿಗೆ ಕೇಳಿಸಿದ್ದು ಮಂಚದ ಸದ್ದು, ನಮ್ಮ ಎಣಿಕೆ, ನಮ್ಮ ಏದುಸಿರು. ಏಟಿನ ಲೆಕ್ಕ ಹಾಕುತ್ತಿದ್ದಾರೆ ಅಂದುಕೊಂಡಿದ್ದಳು. ನಾನು ಎಷ್ಟು ಬಿಡಿಸಿ ಹೇಳಿದರೂ ಅವಳ ಮುಖ ಬದಲಾಗಲಿಲ್ಲ. ಹಾಳಾಗಿ ಹೋಗಲಿ, ಕಣ್ಣಾರೆ ಕಂಡಿದ್ದರೆ ಅಳುತ್ತಿದ್ದಳು, ಬೀಳುತ್ತಿದ್ದಳು, ನನಗೊಂದು ಬಾರಿಸುತ್ತಿದ್ದಳು. ಆದರೆ ಮಗಳನ್ನು ಯಾರೋ ಹೊಡೆದು ಸಾಯಿಸಿದರು ಎಂದುಕೊಂಡು ಮನೆಗೆ ಹೋಗುತ್ತಿರಲಿಲ್ಲ. ಅವತ್ತಿನಿಂದ ಬಾಗಿಲು ಹಾಕುವುದೆಂದರೆ ನನಗೆ ಸಿಟ್ಟು.

ಎರಡನೆಯ ಕಾರಣ ನೀರು. ನಮ್ಮ ಕಡೆ ಸಾಯುವವರ ಬಾಯಿಗೆ ನೀರು ಬಿಡಬೇಕು. ಎರಡು ದಳ ತುಳಸಿ ಹಾಕಿದ ನೀರು, ಕಾಶಿಗೆ ಹೋಗಿ ಬಂದವರ ಮನೆಯಾದರೆ ಗಂಗೆ, ಏನೂ ಇಲ್ಲವಾದರೆ ಬಾವಿ ನೀರು. ಆದರೆ ಜೀವ ಇರುವಾಗಲೇ ಬಿಡಬೇಕು. ನಾನು ಹುಟ್ಟಿದ್ದು ಕೋಣಂದೂರಿನ ಹತ್ತಿರ. ಸಂತೆಯಲ್ಲಿ ಹೆಂಗಸರು ಜಗಳಕ್ಕೆ ಬಿದ್ದರೆ ಎಲ್ಲ ಬೈಗುಳ ಮುಗಿದ ಮೇಲೆ ಕೊನೆಗೆ ಬರುತ್ತಿದ್ದದ್ದು ಇದು, "ನಿನ್ ಬಾಯಿಗೆ ನೀರು ಬಿಡೋರೂ ಇಲ್ದಂಗೆ ಹೋಗ್ತೀಯ ನೋಡು!" ಅದರಾಚೆ ಬೈಗುಳವಿರಲಿಲ್ಲ. ಅದನ್ನು ಕೇಳಿಸಿಕೊಂಡವಳು ಬುಟ್ಟಿ ಎತ್ತಿಕೊಂಡು ಅಳುತ್ತ ಮನೆಗೆ ಹೋಗುತ್ತಿದ್ದಳು.

ಆಸ್ಪತ್ರೆಗೆ ಬಂದವರಿಗೆ ಈ ನೀರೇ ದೊಡ್ಡ ಚಿಂತೆ. ಡಾಕ್ಟರ ಮುಖ ಸಪ್ಪಗಾದ ಕೂಡಲೇ ಯಾರೋ ಒಬ್ಬರು ಕ್ಯಾಂಟೀನಿಗೆ ಓಡಿ ನೀರಿನ ಬಾಟಲಿ ತರುತ್ತಾರೆ, ಇನ್ನೊಬ್ಬರು ಕಾಂಪೌಂಡಿನಲ್ಲಿ ತುಳಸಿ ಹುಡುಕುತ್ತಾರೆ. ಆದರೆ ಉಸಿರು ನಿಂತವರ ಬಾಯಿಗೆ ನೀರು ಹಾಕಿದರೆ ಅದು ಹೋಗುವುದು ಶ್ವಾಸಕೋಶಕ್ಕೆ. ನಾವು ಒಂದು ಕಡೆ ಗಾಳಿ ಒತ್ತುತ್ತಿರುತ್ತೇವೆ, ಅವರು ಇನ್ನೊಂದು ಕಡೆ ನೀರು ಹುಯ್ಯಲು ಬರುತ್ತಾರೆ. ಬೇಡ ಎಂದರೆ ಕೊನೆಗಾಲದ ನೀರು ತಪ್ಪಿಸಿದ ಪಾಪ ನಮಗೆ. ಹೂಂ ಎಂದರೆ ಉಳಿಯಬಹುದಾದವನನ್ನು ಮುಳುಗಿಸಿದ ಪಾಪ.

ನಾನೊಂದು ಉಪಾಯ ಮಾಡಿಕೊಂಡಿದ್ದೆ. ಒತ್ತುವುದನ್ನು ಆಗಾಗ ಒಂದು ಗಳಿಗೆ ನಿಲ್ಲಿಸಿ, ನಾಡಿ ಸಿಕ್ಕಿತೋ ಇಲ್ಲವೋ ನೋಡುತ್ತೇವೆ. ಆ ಗಳಿಗೆಯಲ್ಲಿ ಬಟ್ಟೆಯ ಚೂರೊಂದನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಮನೆಯವರ ಕೈಗೆ ಕೊಟ್ಟು ತುಟಿಗೆ ಸವರಿಸುವುದು. ಗಂಟಲಿಗೆ ಒಂದು ಹನಿಯೂ ಇಳಿಯುವುದಿಲ್ಲ, ಅವರಿಗೆ ನೀರು ಬಿಟ್ಟ ಸಮಾಧಾನ. ಕೆಲವರಿಗೆ ಹೀಗೆ ಮಾಡಿಸಿದ್ದೆ. ಬ್ರದರ್ ನನ್ನನ್ನು "ಬಂದ್ರು ನೋಡಿ ತೀರ್ಥ ಕೊಡೋ ಭಟ್ರು" ಎಂದು ಚುಡಾಯಿಸುತ್ತಿದ್ದ. ಹಿರಿಯ ಸಿಸ್ಟರು ಮಾತ್ರ ನಗುತ್ತಿರಲಿಲ್ಲ. "ಒಂದಿನ ನಿನ್ ಉಪಾಯ ನಿಂಗೇ ಬಡಿತದೆ" ಎನ್ನುತ್ತಿದ್ದರು. ನಾನು ಕೇಳಿಸಿಕೊಳ್ಳದವಳ ಹಾಗೆ ಇರುತ್ತಿದ್ದೆ. ನನ್ನ ಉಪಾಯದ ಬಗ್ಗೆ ನನಗೆ ಜಂಬವಿತ್ತು.

ಹೊಸನಗರದ ಕಡೆಯಿಂದ ಗಿರಣಿಯವರು ಬಂದದ್ದು ಒಂದು ಬೇಸಿಗೆಯ ಬೆಳಿಗ್ಗೆ. ಅಕ್ಕಿ, ರಾಗಿ ಬೀಸಿ ಕೊಡುವ ಹಿಟ್ಟಿನ ಗಿರಣಿ ಅವರದ್ದು. ಗಂಡ, ಹೆಂಡತಿ ಇಬ್ಬರೇ ನಡೆಸುತ್ತಿದ್ದರು. ಗೂಡ್ಸ್ ಆಟೋದ ಹಿಂದೆ ಚೀಲದ ಮೇಲೆ ಕೂತು ಬಂದಿದ್ದರು. ಇಬ್ಬರ ಹುಬ್ಬಿನ ಮೇಲೂ ಹಿಟ್ಟು. ಗಂಡನಿಗೆ ಅರವತ್ತರ ಆಸುಪಾಸು, ಎದೆಯ ಮೇಲೆ ಕೈ ಇಟ್ಟುಕೊಂಡು ತಾವೇ ನಡೆದು ಒಳಗೆ ಬಂದರು.

"ಎಷ್ಟೊತ್ತಿಂದ ನೋವು?" ಡಾಕ್ಟರು ಕೇಳಿದರು. ನಮ್ಮ ಡಾಕ್ಟರು ಸಣ್ಣ ವಯಸ್ಸಿನವರು, ನಿಧಾನದವರು.

"ಈಗ, ಸ್ವಲ್ಪ ಹೊತ್ತಾತು."

"ಸುಳ್ಳು ಡಾಕ್ಟ್ರೇ," ಹೆಂಡತಿ ಬಾಯಿ ಹಾಕಿದರು. "ತಿಂಡಿ ಬಿಟ್ಟಾಗ್ಲೇ ನಂಗೆ ಗೊತ್ತಾತು. ರೊಟ್ಟಿ ಬಿಡೋ ಜನ ಅಲ್ಲ ಇವ್ರು."

"ಇವಳ ರೊಟ್ಟಿ ನೋಡೇ ಎದೆ ನೋವು ಬಂತು ಅಂತ ಬರ್ಕಳಿ ಡಾಕ್ಟ್ರೇ."

"ಬಾಯಿಗೇನೂ ಕಮ್ಮಿ ಇಲ್ಲ," ಎಂದು ಆಕೆ ಸೆರಗಿನಿಂದ ಅವರ ಕಿವಿಯ ಹಿಂದಿನ ಹಿಟ್ಟು ಒರೆಸಿದರು. ಇಸಿಜಿ ತೆಗೆದೆವು. ದೊಡ್ಡ ಹೃದಯಾಘಾತ. ರಕ್ತ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು, ಶಿವಮೊಗ್ಗಕ್ಕೆ ಕಳಿಸಲು ಆಂಬುಲೆನ್ಸಿಗೆ ಹೇಳಿದೆವು. ಬೇರೆ ಯಾರಿಗೆ ತಿಳಿಸಬೇಕು, ಮಕ್ಕಳೆಲ್ಲಿದ್ದಾರೆ ಎಂದು ಕೇಳಿದೆ. ಅವರು ಮಲಗಿದಲ್ಲಿಂದಲೇ ಹೆಂಡತಿಯ ಕಡೆ ಗಲ್ಲ ಎತ್ತಿ ತೋರಿಸಿದರು. "ಇವಳೇ ಹೆಂಡ್ತಿ, ಇವಳೇ ಮಗ, ಇವಳೇ ಗಿರಣಿ ಮ್ಯಾನೇಜರು. ಇನ್ಯಾರೂ ಇಲ್ಲ ಸಿಸ್ಟರೇ. ನಿಮ್ ಊರು ಯಾವ ಕಡೆಗಾತು?"

"ಕೋಣಂದೂರು ಹತ್ರ."

"ಹಂಗಾರೆ ನಮ್ ಕಡೇರೇ ಆದ್ರಿ. ಇವಳಿಗೆ ಸ್ವಲ್ಪ ಕಾಫಿ ಕೊಡ್ಸಿ, ಬೆಳಿಗ್ಗಿಂದ..."

ಮಾತು ಅಲ್ಲಿಗೇ ನಿಂತಿತು. ಕಣ್ಣು ಮೇಲೆ ಹೋಯಿತು, ಮಾನಿಟರಿನ ಗೆರೆ ಚೆಲ್ಲಾಪಿಲ್ಲಿಯಾಯಿತು. ನಾನು ಸ್ಟೂಲು ಎಳೆದು ಹತ್ತಿದೆ. ಡಾಕ್ಟರು ಶಾಕ್ ಕೊಟ್ಟರು. ಮತ್ತೆ ಒತ್ತಿದೆ. ಹಿರಿಯ ಸಿಸ್ಟರು ಅವರ ಮುಖಕ್ಕೆ ಮಾಸ್ಕ್ ಹಿಡಿದು, ಅದಕ್ಕೆ ಸೇರಿದ ಚೀಲ ಹಿಂಡಿ ಗಾಳಿ ತುಂಬತೊಡಗಿದರು. ತಲೆ ಎತ್ತದೆಯೇ ಹೇಳಿದರು, "ಆ ಅಮ್ಮನ್ನ ಹೊರಗೆ ಕಳಿಸು."

ಆಕೆ ಗಂಡನ ಕಾಲ ಬಳಿ ನಿಂತಿದ್ದರು. ಎರಡೂ ಪಾದ ಹಿಡಿದುಕೊಂಡಿದ್ದರು. ಚೀರಲಿಲ್ಲ, ಬೀಳಲಿಲ್ಲ. ಕೆಲಸಕ್ಕೆ ಅಡ್ಡವೂ ಬರಲಿಲ್ಲ. "ಇರ್ಲಿ ಸಿಸ್ಟರ್" ಎಂದೆ. ಹಿರಿಯ ಸಿಸ್ಟರು ನನ್ನನ್ನು ಒಂದು ಸಲ ನೋಡಿದರು ಅಷ್ಟೆ. ಜಗಳ ಆಡುವ ಹೊತ್ತು ಅದಲ್ಲ.

ನಾನು ಸೋತಾಗ ಬ್ರದರ್ ಒತ್ತಿದ, ಅವನು ಸೋತಾಗ ನಾನು. ಒಂದು ಸಲ ನಾಡಿ ಬಂದ ಹಾಗಾಯಿತು. ಡಾಕ್ಟರು "ಸಿಕ್ತು, ಸಿಕ್ತು" ಎಂದರು. ಆಕೆ ಪಾದದ ಮೇಲೆ ಹಣೆ ಇಟ್ಟರು. ಅಷ್ಟರಲ್ಲಿ ಮತ್ತೆ ಹೋಯಿತು. ಆಮೇಲೆ ಔಷಧಿ ಕೊಟ್ಟದ್ದೂ ವ್ಯರ್ಥ, ಶಾಕ್ ಕೊಟ್ಟದ್ದೂ ವ್ಯರ್ಥ. ಈ ಕೆಲಸ ಮಾಡಿದವರಿಗೆ ಒಂದು ಹಂತದಲ್ಲಿ ತಿಳಿಯುತ್ತದೆ. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಡಾಕ್ಟರ ದನಿ ಮೆತ್ತಗಾಗುತ್ತದೆ, ನಾವು ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಡುತ್ತೇವೆ.

ನನಗೆ ನೀರು ನೆನಪಾಯಿತು. ಇವರಿಗೆ ಹೆಂಡತಿಯ ಕೈ ಬಿಟ್ಟರೆ ನೀರು ಬಿಡುವ ಕೈ ಬೇರೆ ಇಲ್ಲ. ಡಾಕ್ಟರು ಕೈ ಚೆಲ್ಲಿದ ಮೇಲೆ ಬಿಟ್ಟರೆ ಅದು ಹೆಣದ ಬಾಯಿಗೆ ಬಿಟ್ಟ ನೀರು. ಈಗಲೇ ಆಗಬೇಕು. ಬ್ರದರ್ ಒತ್ತುತ್ತಿದ್ದ. ನಾನು ಬಟ್ಟಲಿಗೆ ನೀರು ಹಾಕಿ, ಬಟ್ಟೆ ಅದ್ದಿ ಹಿಂಡಿ, ಆಕೆಯ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ.

"ಅಮ್ಮಾ, ಈಗೊಂದ್ ಗಳಿಗೆ ಮಾಸ್ಕ್ ತೆಗೀತಾರೆ. ತುಟಿಗೆ ಇದನ್ನ ಸವರಿ."

ಆಕೆ ಬಟ್ಟಲು ನೋಡಿದರು. "ಎಂತಕ್ಕೆ?"

ನಾನು ಬಟ್ಟೆಯನ್ನು ಮುಂದೆ ಚಾಚಿದೆ. ನನ್ನ ಮುಖದಲ್ಲಿ ಇದ್ದದ್ದನ್ನು ಆಕೆ ಓದಿಕೊಂಡರು. ಅಲ್ಲಿಯವರೆಗೆ ಆ ಕೋಣೆಯಲ್ಲಿ ನಡೆಯುತ್ತಿದ್ದದ್ದೆಲ್ಲ ಅವರ ಪಾಲಿಗೆ ಗಂಡನನ್ನು ಬದುಕಿಸುವ ಕೆಲಸವಾಗಿತ್ತು. ನಾನು ಬಟ್ಟಲು ಹಿಡಿದು ಬಂದು, ಡಾಕ್ಟರಿಗಿಂತ ಮೊದಲೇ, ಸಾವಿನ ಸುದ್ದಿ ಹೇಳಿಬಿಟ್ಟಿದ್ದೆ.

"ತಗಂಡು ಹೋಗಿ ಅದನ್ನ," ಎಂದರು. ದನಿ ಏರಲಿಲ್ಲ. "ನೀರು ಬಿಡೋದಿಲ್ಲ ನಾನು. ನೀರು ಬಿಟ್ರೆ ಹೊರಡ್ತಾರೆ ಅವ್ರು. ಅವ್ರ ಬುದ್ಧಿ ನಂಗೊತ್ತಿಲ್ವಾ? ಎಲ್ಲಿಗೆ ಹೊರಟ್ರೂ ನನ್ ಕೈಲಿ ಒಂದು ಲೋಟ ನೀರು ಇಸ್ಕಂಡು ಕುಡಿದೇ ಮೆಟ್ಟು ಹಾಕೋದು. ಕೊಡ್ದಿದ್ರೆ ಅಂಗಳ ಇಳಿಯೋದಿಲ್ಲ. ಅಲ್ಲೇ ಕೂತಿರ್ತಾರೆ." ಆಮೇಲೆ ಬ್ರದರ್ ಕಡೆ ತಿರುಗಿದರು. "ನೀನು ಒತ್ತು ತಮ್ಮಾ. ಬಿಡ್ಬೇಡ."

ಬ್ರದರ್ ಒತ್ತಿದ. ಅವನ ಕಣ್ಣಿಂದ ನೀರು ಇಳಿದು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಹಿರಿಯ ಸಿಸ್ಟರು ಚೀಲ ಹಿಂಡುತ್ತಲೇ ನನ್ನತ್ತ ನೋಡಿ, "ಹೇಳಿದ್ನಲ್ಲ" ಎಂದರು, ನನಗೆ ಮಾತ್ರ ಕೇಳುವಷ್ಟು. ನನಗೆ ಅವರ ಮೇಲೆ ಉರಿದುಹೋಯಿತು, ನನ್ನ ಮೇಲೂ. ಬಟ್ಟಲನ್ನು ಔಷಧಿಯ ಟ್ರಾಲಿಯ ಮೇಲಿಟ್ಟು ಸ್ಟೂಲು ಹತ್ತಿ ಮತ್ತೆ ಒತ್ತತೊಡಗಿದೆ. ನಾನು ಎಣಿಸುತ್ತಿದ್ದ ಹಾಗೇ ಆಕೆಯೂ ನನ್ನ ಜೊತೆ ಎಣಿಸತೊಡಗಿದರು. ಎಣಿಕೆ ಮುಗಿದಾಗಲೆಲ್ಲ ನಾನು ಮೊದಲಿನಿಂದ ಶುರು ಮಾಡುತ್ತಿದ್ದೆ, ಅವರೂ ಶುರು ಮಾಡುತ್ತಿದ್ದರು. ನನಗೆ ನಿಲ್ಲಿಸುವ ಧೈರ್ಯ ಬರಲಿಲ್ಲ.

ಕೊನೆಗೆ ಡಾಕ್ಟರೇ ನನ್ನ ಹೆಗಲು ಮುಟ್ಟಿದರು. ಮಾನಿಟರಿನಲ್ಲಿ ಗೆರೆ ನೆಟ್ಟಗಿತ್ತು. ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಎದೆಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. "ಅಮ್ಮಾ, ಆಗ್ಲಿಲ್ಲ" ಎಂದರು. "ಎಲ್ಲ ಮಾಡಿದ್ವಿ, ನೀವೇ ನೋಡಿದ್ರಲ್ಲ."

"ನೋಡಿದೆ," ಎಂದರು ಆಕೆ. "ನೀವು ಬಿಟ್ಟಿಲ್ಲ. ನೋಡಿದೆ ನಾನು."

ಆಕೆ ಅಳಲಿಲ್ಲ. ಪಾದ ಬಿಟ್ಟು, ಮಂಚದ ಪಕ್ಕದಿಂದ ನಡೆದು ತಲೆಯ ಕಡೆ ಬಂದರು. ಬ್ರದರ್ ಗೋಡೆಗೆ ಒರಗಿ ನಿಂತಿದ್ದ. ಹಿರಿಯ ಸಿಸ್ಟರು ಮಾಸ್ಕ್ ತೆಗೆದು ಪಕ್ಕಕ್ಕಿಟ್ಟಿದ್ದರು. ಆಕೆ ಗಂಡನ ತುಟಿ ಮುಟ್ಟಿ ನೋಡಿದರು. ಒಣಗಿತ್ತು. ಅದು ಕೈಗೆ ತಾಗಿದ್ದೇ ಅವರ ಮುಖ ಕಳೆಗುಂದಿತು. ತಾವು ಮಾಡಿದ್ದು ಏನು ಎಂದು ಆಗ ಹೊಳೆದಿರಬೇಕು. ಹೋಗದ ಹಾಗೆ ಹಿಡಿದಿಟ್ಟುಕೊಳ್ಳುತ್ತೇನೆ ಎಂದು ನೀರು ಕೊಡದೆ ನಿಂತರು. ಗಂಡ ನೀರು ಕುಡಿಯದೆಯೇ ಹೊರಟುಬಿಟ್ಟಿದ್ದರು.

"ಈಗ ಬಿಟ್ರೆ ಆಗ್ತದಾ ಸಿಸ್ಟರೇ?"

"ಆಗ್ತದೆ ಅಮ್ಮ," ಎಂದೆ.

"ಇಲ್ಲ. ಜೀವ ಇರ್ಬೇಕಲ್ಲ." ಅವರು ನನ್ನ ಕೈಗಳನ್ನೇ ನೋಡುತ್ತಿದ್ದರು. "ನೀವು ಒತ್ತೋವಾಗ ಎದೆ ಏಳ್ತಿತ್ತು. ಆ ಸಿಸ್ಟರು ಗಾಳಿ ಬಿಡೋವಾಗ ಉಸಿರಾಡಿದಂಗೇ ಕಾಣ್ತಿತ್ತು. ಇನ್ನೊಂದ್ಸಲ ಒತ್ತಿ ನನ್ನವ್ವಾ. ವಾಪಸ್ ಬರ್ಲಿ ಅಂತಲ್ಲ. ಹೋದ್ರು ಅಂತ ಗೊತ್ತಾತು ನಂಗೆ. ನಾನು ನೀರು ಬಿಡೋವರೆಗೆ. ಅಷ್ಟೇ ಹೊತ್ತು."

ಹೆಣದ ಎದೆ ಒತ್ತಲು ಯಾವ ಪುಸ್ತಕದಲ್ಲೂ ಹೇಳಿಕೊಟ್ಟಿಲ್ಲ. ನಾನು ಡಾಕ್ಟರ ಕಡೆ ನೋಡಿದೆ. ಅವರು ಕಿಟಕಿಯ ಕಡೆ ತಿರುಗಿ ನಿಂತರು.

"ಎಂತ ನಿಂತ್ಕಂಡು ನೋಡ್ತೀಯ?" ಹಿರಿಯ ಸಿಸ್ಟರು. ಬಾಗಿಲು ಹಾಕಿ ಎನ್ನುವ ಅದೇ ಹಿರಿಯ ಸಿಸ್ಟರು. "ಸ್ಟೂಲು ಹತ್ತು." ಅವರಾಗಲೇ ಮಾಸ್ಕನ್ನು ಮತ್ತೆ ಕೈಗೆ ತೆಗೆದುಕೊಂಡಿದ್ದರು. ಕಣ್ಣು ಕೆಂಪಾಗಿತ್ತು.

ಹತ್ತಿದೆ. ಹಗುರಕ್ಕೆ ಒತ್ತೋಣ, ಸತ್ತವರಿಗೆ ಇನ್ನೂ ಯಾಕೆ ನೋವು ಎನ್ನಿಸಿತು. ಹಗುರಕ್ಕೆ ಒತ್ತಿದರೆ ಆಕೆಗೆ ಗೊತ್ತಾಗುತ್ತದೆ, ಅಷ್ಟು ಹೊತ್ತು ಕಣ್ಣು ಕೀಳದೆ ನೋಡಿದವರು. ಸರಿಯಾಗಿಯೇ ಒತ್ತಿದೆ. ಹಿರಿಯ ಸಿಸ್ಟರು ಮಾಸ್ಕ್ ಇಟ್ಟು ಚೀಲ ಹಿಂಡಿದರು, ಎದೆ ಏರಿತು, ಇಳಿಯಿತು. ಮತ್ತೆ ಹಿಂಡಿದರು. ಮತ್ತೆ ಏರಿತು. ಆಮೇಲೆ ಮಾಸ್ಕ್ ಎತ್ತಿ, "ಬಿಡಿ ಅಮ್ಮ" ಎಂದರು. ಬಟ್ಟೆ ಬೇಕಾಗಿರಲಿಲ್ಲ ಈಗ. ಬ್ರದರ್ ಟ್ರಾಲಿಯಿಂದ ಬಟ್ಟಲು ತಂದು ಹಿಡಿದ. ಆಕೆ ಅಂಗೈ ಗುಳಿ ಮಾಡಿ ನೀರು ತೆಗೆದುಕೊಂಡು, ಬೆರಳ ಸಂದಿಯಿಂದ ತುಟಿಯ ನಡುವೆ ಬಿಟ್ಟರು. ಸ್ವಲ್ಪ ಒಳಗೆ ಇಳಿಯಿತು, ಉಳಿದದ್ದು ಕೆನ್ನೆಯ ಹಿಟ್ಟಿನ ಮೇಲೆ ಗೆರೆ ಎಳೆದು ಹರಿಯಿತು. ನಾನು ಒತ್ತುತ್ತಲೇ ಇದ್ದೆ.

ಆಕೆ ಬಗ್ಗಿ ಅವರ ಕಿವಿಯ ಹತ್ತಿರ, ದಿನಾ ಬಾಗಿಲಲ್ಲಿ ನಿಂತು ಹೇಳುವ ಹಾಗೆ, "ಹೋಗಿ..." ಎಂದರು. ಹೋಗಿ ಬನ್ನಿ ಎನ್ನುವುದಲ್ಲವೇ ನಮ್ಮ ಮಾತು. ಬಾಯಿಗೆ ಬಂದ ಆ ಎರಡನೆಯ ಮಾತನ್ನು ಅಲ್ಲೇ ತಡೆದು, ತುಟಿ ಕಚ್ಚಿದರು.

"ಹೋಗಿ," ಎಂದರು ಮತ್ತೊಮ್ಮೆ. ಆಮೇಲೆ ನನ್ನ ಮಣಿಕಟ್ಟಿನ ಮೇಲೆ ತಮ್ಮ ಒದ್ದೆ ಕೈ ಇಟ್ಟರು. "ಸಾಕು ತಾಯಿ, ಕೈ ತೆಗಿ."